ಹೈಪೋ ಪ್ರಯೋಗದ ಗ್ರಾಫ್ ಬಾಗಿದರೆ ತಪ್ಪು ಎಲ್ಲಿ ಹುಡುಕಬೇಕು

ರಾಸಾಯನಿಕ ಕ್ರಿಯೆಯ ವೇಗ ಅಳೆಯಲು ಮಕ್ಕಳಿಗೆ ಮಾಡಿಸುವ ಪ್ರಯೋಗಗಳಲ್ಲಿ ಹೈಪೋ ಪ್ರಯೋಗ ತುಂಬ ಸುಲಭದ್ದು. ಬಿಳಿ ಕಾಗದದ ಮೇಲೆ ಒಂದು ಗುಣಿಸು ಗುರುತು ಹಾಕುತ್ತೀರಿ. ಅದರ ಮೇಲೆ ಕೋನಿಕಲ್ ಫ್ಲಾಸ್ಕ್ ಇಡುತ್ತೀರಿ. ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಸ್ಟಾಪ್ ವಾಚ್ ಒತ್ತುತ್ತೀರಿ. ಗಂಧಕ ಸಣ್ಣ ಸಣ್ಣ ಕಣಗಳಾಗಿ ಹೊರಬಂದು ನೀರು ನೀರುಮಜ್ಜಿಗೆಯ ಹಾಗೆ ಮಸುಕಾಗುತ್ತಾ ಹೋಗುತ್ತದೆ, ಮೇಲಿನಿಂದ ನೋಡುತ್ತಿರುವ ನಿಮಗೆ ಗುರುತು ಪೂರ್ತಿ ಮರೆಯಾದ ಕೂಡಲೇ ವಾಚ್ ನಿಲ್ಲಿಸುತ್ತೀರಿ. ಅಷ್ಟೇ ಕೆಲಸ.

ಆದರೂ ಗ್ರಾಫ್ ಸರಿ ಬರುವುದಿಲ್ಲ. ನೇರ ರೇಖೆ ಬರಬೇಕಾದಲ್ಲಿ ಬಾಗುತ್ತದೆ, ಒಂದು ಚುಕ್ಕೆ ಎಲ್ಲೋ ಹೋಗಿ ಕೂರುತ್ತದೆ, ಪಕ್ಕದ ಬೆಂಚಿನವರಿಗೆ 25 ಸೆಕೆಂಡು ಬಂದದ್ದು ನಿಮಗೆ 39 ಬರುತ್ತದೆ. ಆಗ ಹೆಚ್ಚಿನ ಮಕ್ಕಳು ಮಾಡುವ ಕೆಲಸ ಒಂದೇ, ರಬ್ಬರ್ ತೆಗೆದುಕೊಂಡು ರೀಡಿಂಗ್ ತಿದ್ದುವುದು. ದಯವಿಟ್ಟು ಹಾಗೆ ಮಾಡಬೇಡಿ. ಗ್ರಾಫ್ ಹೇಗೆ ಕೆಟ್ಟಿದೆ ಎಂಬುದರಲ್ಲೇ ತಪ್ಪು ಎಲ್ಲಿದೆ ಎಂಬ ಸುಳಿವು ಇರುತ್ತದೆ. ತಿದ್ದಿದರೆ ಆ ಸುಳಿವೂ ಹೋಯಿತು.

ನಾನು ಉಡುಪಿಯಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಈ ಪ್ರಯೋಗ ಮಾಡಿಸುವಾಗ ಎದುರಾದ ತೊಂದರೆಗಳನ್ನು, ಅವುಗಳ ಮೂಲ ಹುಡುಕಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಒಂದು ತೊಂದರೆಯ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯಬೇಕು, ಯಾಕೆಂದರೆ ಅದು ನನ್ನ ಎರಡು ವಾರ ತಿಂದಿತ್ತು.

ಮೊದಲು, ಸರಿಯಾದ ಗ್ರಾಫ್ ಹೇಗಿರಬೇಕು ಎಂದು ತಿಳಿದಿರಲಿ

ನಾವು ಐದು ಫ್ಲಾಸ್ಕ್ ಮಾಡಿಸುತ್ತೇವೆ. ಮೊದಲನೆಯದರಲ್ಲಿ 0.1 ಮೋಲಾರ್ ಹೈಪೋ 50 ಎಂಎಲ್, ನೀರು ಇಲ್ಲ (ಮೋಲಾರ್ ಎಂದರೆ ದ್ರಾವಣ ಎಷ್ಟು ಗಟ್ಟಿ ಎಂಬುದರ ಅಳತೆ). ಎರಡನೆಯದರಲ್ಲಿ ಹೈಪೋ 40, ನೀರು 10. ಹೀಗೆ ಹೈಪೋ ಇಳಿಸುತ್ತಾ, ನೀರು ಏರಿಸುತ್ತಾ ಹೋಗಿ ಐದನೆಯದರಲ್ಲಿ ಹೈಪೋ 10, ನೀರು 40. ಪ್ರತಿಯೊಂದಕ್ಕೂ 1 ಮೋಲಾರ್ ಆಸಿಡ್ 10 ಎಂಎಲ್. ಎಲ್ಲದರ ಒಟ್ಟು ಅಳತೆ 60 ಎಂಎಲ್.

ಗುರುತು ಮರೆಯಾಗಲು ಬೇಕಾದ ಗಂಧಕ ಪ್ರತಿ ಫ್ಲಾಸ್ಕಿನಲ್ಲೂ ಒಂದೇ. ಅಷ್ಟು ಗಂಧಕ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನಾವು ಅಳೆಯುತ್ತಿದ್ದೇವೆ. ಹಾಗಾಗಿ ಒಂದನ್ನು ಆ ಸಮಯದಿಂದ ಭಾಗಿಸಿದರೆ ಬರುವುದು ವೇಗದ ಅಳತೆ. ಹೈಪೋ ಸಾರತೆಯನ್ನು, ಅಂದರೆ ದ್ರಾವಣದಲ್ಲಿ ಹೈಪೋ ಎಷ್ಟು ಗಟ್ಟಿ ಇದೆ ಎಂಬುದನ್ನು ಅಡ್ಡಕ್ಕೆ, ಈ ವೇಗವನ್ನು ಉದ್ದಕ್ಕೆ ಹಾಕಿದರೆ ಸೊನ್ನೆಯ ಹತ್ತಿರದಿಂದ ಹೊರಟ ನೇರ ರೇಖೆ ಬರಬೇಕು. ಸಾರತೆ ಅರ್ಧ ಆದರೆ ವೇಗ ಅರ್ಧ, ಸಮಯ ಎರಡು ಪಟ್ಟು. ಹೈಪೋ ಮಟ್ಟಿಗೆ ಈ ಕ್ರಿಯೆಯ ಆರ್ಡರ್ ಒಂದು ಎನ್ನುವುದು ಇದನ್ನೇ.

ಆಸಿಡ್ ಸಾರತೆ ಸ್ವಲ್ಪ ಆಚೀಚೆ ಆದರೆ ಈ ಪ್ರಯೋಗದಲ್ಲಿ ಸಮಯ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ತಪ್ಪು ಹುಡುಕುವಾಗ ಆಸಿಡ್ ಬಾಟಲಿಯಿಂದ ಶುರು ಮಾಡಬೇಡಿ. ಬಹಳ ಜನ ಅಲ್ಲೇ ಶುರು ಮಾಡಿ ಸುಮ್ನೆ ಸಮಯ ಕಳೆಯುತ್ತಾರೆ.

ರೇಖೆ ಬಾಗಿ, ಕಡಿಮೆ ಹೈಪೋ ಇರುವ ಫ್ಲಾಸ್ಕ್‌ಗಳು ತೀರಾ ಬೇಗ ಮುಗಿದರೆ

ಇದೇ ನಾನು ಹೇಳಿದ ಎರಡು ವಾರದ ಕತೆ. ಫೆಬ್ರವರಿ ತಿಂಗಳು. ಬೆಳಗ್ಗಿನ ಬ್ಯಾಚಿನವರಿಗೆ ಚೆಂದದ ನೇರ ರೇಖೆ. ಮಧ್ಯಾಹ್ನದ ಬ್ಯಾಚಿನವರಿಗೆ, ಅದೇ ಹೈಪೋ, ಅದೇ ಆಸಿಡ್, ಅದೇ ಫ್ಲಾಸ್ಕ್‌ಗಳಲ್ಲಿ, ಮೇಲಕ್ಕೆ ಹೋಗುತ್ತಾ ಹೋಗುತ್ತಾ ಮಲಗಿದ ಗೆರೆ. ಲೆಕ್ಕ ಮಾಡಿದರೆ ಆರ್ಡರ್ 0.7 ಆಸುಪಾಸು. ಒಬ್ಬಿಬ್ಬರಿಗೆ ಹೀಗಾದರೆ ಕೈತಪ್ಪು ಎನ್ನಬಹುದು, ಇಡೀ ಬ್ಯಾಚಿಗೆ ಆದರೆ?

ಹೈಪೋ ಹಳತಾಯಿತೆಂದು ಹೊಸದು ತರಿಸಿದೆ. ಅದೇ ಗೆರೆ. ಆಸಿಡ್ ಹೊಸದಾಗಿ ಮಾಡಿದೆ. ಅದೇ. ಮಧ್ಯಾಹ್ನ ಲ್ಯಾಬ್ ಬಿಸಿ ಇರುತ್ತದೆ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಆದರೆ ಕೋಣೆ ಬಿಸಿ ಇದ್ದರೆ ಐದೂ ಫ್ಲಾಸ್ಕ್ ಒಂದೇ ಪಟ್ಟು ಬೇಗ ಆಗಬೇಕು. ರೇಖೆ ಕಡಿದಾಗಬೇಕು, ಬಾಗಬಾರದು. ಇಲ್ಲಿ ನಾನು ಸಿಕ್ಕಿಬಿದ್ದಿದ್ದೆ.

ಬಿಡಿಸಿದವರು ನಮ್ಮ ಲ್ಯಾಬ್ ಅಟೆಂಡರ್. ಬೀಕರ್ ತೊಳೆಯುತ್ತಾ ಅವರು ಹೇಳಿದರು, "ಮೇಡಂ, ಮೂರು ಗಂಟೆಗೆ ಈ ನಲ್ಲಿಗೆ ಕೈ ಒಡ್ಡಲಿಕ್ಕೆ ಆಗುವುದಿಲ್ಲ, ಅಷ್ಟು ಬಿಸಿ ಉಂಟು." ನಲ್ಲಿ ನೀರು ಬರುವುದು ಟೆರೇಸಿನ ಮೇಲಿನ ಕಪ್ಪು ಟ್ಯಾಂಕಿನಿಂದ. ಡಿಸ್ಟಿಲ್ಡ್ ವಾಟರ್ ಕಡಿಮೆ ಇತ್ತು. ಹೈಪೋ ದ್ರಾವಣ ಮಾಡಲು ಮಾತ್ರ ಅದನ್ನು ಬಳಸಿ, ತೆಳು ಮಾಡಲು ನಲ್ಲಿ ನೀರು ಸಾಕು ಎಂದು ನಾನೇ ಹೇಳಿದ್ದೆ.

ಈಗ ಏನಾಗುತ್ತದೆ ನೋಡಿ. ಹೈಪೋ ಮತ್ತು ಆಸಿಡ್ ಕಪಾಟಿನ ನೆರಳಿನಲ್ಲಿ 28 ಡಿಗ್ರಿ ಇವೆ, ನಲ್ಲಿ ನೀರು 40 ಡಿಗ್ರಿ ಇದೆ ಎಂದುಕೊಳ್ಳಿ. ಮೊದಲ ಫ್ಲಾಸ್ಕಿಗೆ ನೀರೇ ಹಾಕುವುದಿಲ್ಲ, ಅದು 28 ಡಿಗ್ರಿಯಲ್ಲೇ ಇರುತ್ತದೆ. ಮೂರನೆಯದಕ್ಕೆ 20 ಎಂಎಲ್ ಬಿಸಿನೀರು ಹೋಗುತ್ತದೆ, ಅದು 32 ಡಿಗ್ರಿ ಆಗುತ್ತದೆ. ಐದನೆಯದಕ್ಕೆ 40 ಎಂಎಲ್ ಹೋಗುತ್ತದೆ, ಅದು 36 ಡಿಗ್ರಿ. ಅಂದರೆ ಹೈಪೋ ಕಡಿಮೆ ಆದಷ್ಟೂ ಫ್ಲಾಸ್ಕ್ ಬಿಸಿ! ಸಾರತೆ ಮಾತ್ರ ಬದಲಿಸುತ್ತಿದ್ದೇವೆ ಎಂದು ನಾವು ನಂಬಿದ್ದೆವು, ನಿಜವಾಗಿ ಎರಡು ಸಂಗತಿಗಳನ್ನು ಒಟ್ಟಿಗೆ ಬದಲಿಸುತ್ತಿದ್ದೆವು. ಮೊದಲ ಫ್ಲಾಸ್ಕಿಗೆ 25 ಸೆಕೆಂಡು ಎಂದಾದರೆ ಐದನೆಯದಕ್ಕೆ 125 ಸೆಕೆಂಡು ಬರಬೇಕು. ಈ 8 ಡಿಗ್ರಿಯಿಂದಾಗಿ ಅದು 75 ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ. ಮೂರನೆಯದು 42 ಬರಬೇಕಾದದ್ದು 32 ಬರುತ್ತದೆ. ಈ ಅಂಕಿಗಳಿಂದ ಆರ್ಡರ್ ಲೆಕ್ಕ ಹಾಕಿ, 0.7ರ ಹತ್ತಿರವೇ ಬರುತ್ತದೆ. ನಮ್ಮ ಮಕ್ಕಳ ಗೆರೆ ಸರಿಯಾಗಿ ಇದೇ.

ಖಚಿತ ಮಾಡಿಕೊಳ್ಳಲು ಹತ್ತು ನಿಮಿಷ ಸಾಕು. ಐದನೇ ಫ್ಲಾಸ್ಕನ್ನು ಮಾತ್ರ ಎರಡು ಸಲ ಮಾಡಿ. ಒಂದಕ್ಕೆ ಆಗಷ್ಟೇ ಹಿಡಿದ ನಲ್ಲಿ ನೀರು, ಇನ್ನೊಂದಕ್ಕೆ ಅದೇ ನಲ್ಲಿಯಿಂದ ಬೆಳಗ್ಗೆ ಹಿಡಿದು ಹೈಪೋ ಪಕ್ಕದಲ್ಲೇ ಇಟ್ಟ ನೀರು. ಸಮಯ ಬೇರೆ ಬಂದರೆ ತಪ್ಪು ಬಿಸಿಯಲ್ಲಿದೆ. ಒಂದೇ ಬಂದರೆ ಬೇರೆ ಕಡೆ ಹುಡುಕಿ. ಎರಡೂ ಅದೇ ನಲ್ಲಿಯ ನೀರಾಗಿರುವುದು ಮುಖ್ಯ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಬಾವಿ ನೀರು ಹಾಕಿದರೆ ವ್ಯತ್ಯಾಸ ಬಿಸಿಯಿಂದಲೋ ನೀರಿನಲ್ಲಿ ಕರಗಿದ್ದರಿಂದಲೋ ಗೊತ್ತಾಗುವುದಿಲ್ಲ ಅಲ್ವಾ?

8 ಡಿಗ್ರಿ ಅಷ್ಟು ದೊಡ್ಡದಾ?

ಹೌದು, ಈ ವಿಷಯದಲ್ಲಿ ತುಂಬ ದೊಡ್ಡದು. ಮೇ ತಿಂಗಳಲ್ಲಿ ಹೊರಗಿಟ್ಟ ಬಂಗುಡೆ ಎಷ್ಟು ಬೇಗ ಕೆಡುತ್ತದೆ, ಐಸ್ ಹಾಕಿದ್ದು ಎಷ್ಟು ದಿನ ತಡೆಯುತ್ತದೆ ಎಂದು ಮಲ್ಪೆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಬೋಟಿನವರು ಕಡಲಿಗೆ ಹೋಗುವಾಗಲೇ ಐಸ್ ತುಂಬಿಕೊಂಡು ಹೋಗುತ್ತಾರೆ. ಕೊಳೆಯುವುದೂ ರಾಸಾಯನಿಕ ಕ್ರಿಯೆಗಳ ಒಂದು ಸಾಲು. ತಣ್ಣಗಿಟ್ಟರೆ ಅವೆಲ್ಲ ನಿಧಾನ.

10 ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟು ಎಂದು ಪುಸ್ತಕಗಳು ಹೇಳುತ್ತವೆ. ಯಾಕೆ ಎರಡು ಪಟ್ಟು ಎಂದು ಕೇಳಿದರೆ ಮಕ್ಕಳು "ಅಣುಗಳು ಜೋರಾಗಿ ಓಡುತ್ತವೆ, ಡಿಕ್ಕಿ ಜಾಸ್ತಿ ಆಗುತ್ತದೆ" ಎನ್ನುತ್ತಾರೆ. ಇದು ಅರ್ಧ ಉತ್ತರವೂ ಅಲ್ಲ. 27 ಡಿಗ್ರಿಯಿಂದ 37 ಡಿಗ್ರಿಗೆ ಏರಿಸಿದರೆ, ಕೆಲ್ವಿನ್‌ನಲ್ಲಿ 300ರಿಂದ 310ಕ್ಕೆ, ಅಣುಗಳ ಸರಾಸರಿ ಓಟ ಶೇಕಡಾ 2ರಷ್ಟೂ ಹೆಚ್ಚುವುದಿಲ್ಲ. ಡಿಕ್ಕಿಗಳೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತವೆ. ಹಾಗಿದ್ದರೆ ಉಳಿದದ್ದು ಎಲ್ಲಿಂದ ಬಂತು?

ಡಿಕ್ಕಿ ಹೊಡೆದ ಅಣುಗಳೆಲ್ಲ ಬದಲಾಗುವುದಿಲ್ಲ. ಹಳೆಯ ಬಂಧ ಮುರಿಯಲು ಒಂದು ಕನಿಷ್ಠ ಶಕ್ತಿ ಬೇಕು, ಘಾಟಿಯ ಏರು ಹತ್ತಿದ ಹಾಗೆ. ಅದೇ ಆಕ್ಟಿವೇಶನ್ ಎನರ್ಜಿ. ಅಷ್ಟು ಶಕ್ತಿ ಇರುವ ಅಣುಗಳು ಯಾವಾಗಲೂ ಬೆರಳೆಣಿಕೆಯಷ್ಟು ಮಾತ್ರ. ಸ್ವಲ್ಪ ಬಿಸಿ ಏರಿದರೂ ಆ ಸಣ್ಣ ಗುಂಪು ಇಮ್ಮಡಿ ಆಗಿಬಿಡುತ್ತದೆ. 1889ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್ ಹೇಳಿದ್ದು ಇದನ್ನೇ. ಅದಕ್ಕೆ ಐದು ವರ್ಷ ಮೊದಲು, 1884ರಲ್ಲಿ, ಡಚ್ ವಿಜ್ಞಾನಿ ವಾಂಟ್ ಹಾಫ್ ಉಷ್ಣತೆಗೂ ಕ್ರಿಯೆಗೂ ಇರುವ ಸಂಬಂಧಕ್ಕೆ ಗಣಿತದ ರೂಪ ಕೊಟ್ಟಿದ್ದರು. ರಸಾಯನಶಾಸ್ತ್ರದ ಮೊತ್ತಮೊದಲ ನೊಬೆಲ್, 1901ರಲ್ಲಿ, ವಾಂಟ್ ಹಾಫ್ ಅವರಿಗೇ ಸಿಕ್ಕಿತು. ಅರ್ಹೇನಿಯಸ್ ಅವರಿಗೆ 1903ರಲ್ಲಿ ಬಂತು, ಅದು ಮಾತ್ರ ಅಯಾನುಗಳ ಮೇಲಿನ ಕೆಲಸಕ್ಕೆ.

ಮೇಲಿನ ಲೆಕ್ಕದಲ್ಲಿ ನಾನು ಆಕ್ಟಿವೇಶನ್ ಎನರ್ಜಿ ಮೋಲ್‌ಗೆ 50 ಕಿಲೋಜೂಲ್ ಎಂದು ಇಟ್ಟುಕೊಂಡಿದ್ದೇನೆ. ಹಾಗೆ ಇಟ್ಟರೆ 27ರಿಂದ 37 ಡಿಗ್ರಿಗೆ ವೇಗ 1.9 ಪಟ್ಟು ಆಗುತ್ತದೆ, 28ರಿಂದ 36ಕ್ಕೆ ಸುಮಾರು 1.7 ಪಟ್ಟು. ನೀವೂ ಕೂತು ಲೆಕ್ಕ ಮಾಡಿ ನೋಡಿ, ಮಾಡಿದವರಿಗೆ ಮಾತ್ರ ಅದರ ಜೋರು ಗೊತ್ತಾಗುವುದು.

ಹಾಗಾಗಿ ಈ ಪ್ರಯೋಗದಲ್ಲಿ ಏನೇ ಕೆಟ್ಟರೂ ನಾನು ಮೊದಲು ಕೈಗೆತ್ತಿಕೊಳ್ಳುವುದು ಥರ್ಮಾಮೀಟರ್. ಅದನ್ನು ಗೋಡೆಗೆ ತೂಗುಹಾಕಿ ಕೋಣೆಯ ಉಷ್ಣತೆ ಬರೆದುಕೊಂಡರೆ ಸಾಲದು. ಫ್ಲಾಸ್ಕ್ ಒಳಗೆ, ಎಲ್ಲ ಬೆರೆಸಿದ ಮೇಲೆ ನೋಡಬೇಕು.

ರೇಖೆ ನೇರವಾಗಿದೆ, ಆದರೆ ಎಲ್ಲ ಸಮಯಗಳೂ ಜಾಸ್ತಿ ಅಥವಾ ಕಡಿಮೆ

ಇದರಲ್ಲಿ ಗಾಬರಿ ಬೇಡ. ಐದೂ ಫ್ಲಾಸ್ಕಿಗೆ ಒಂದೇ ತಪ್ಪು ಒಂದೇ ಪ್ರಮಾಣದಲ್ಲಿ ಆಗಿದೆ ಎಂದು ಅರ್ಥ. ಅಂಥ ತಪ್ಪು ಇರುವುದು ಸಾಮಾನ್ಯವಾಗಿ ಹೈಪೋ ಬಾಟಲಿಯಲ್ಲಿ, ಕೋಣೆಯ ಬಿಸಿಯಲ್ಲಿ, ಇಲ್ಲವೇ ನೋಡುವ ಕಣ್ಣಿನಲ್ಲಿ.

ಹೈಪೋ ಎರಡು ರೂಪದಲ್ಲಿ ಸಿಗುತ್ತದೆ. ಹರಳಿನದ್ದರಲ್ಲಿ ಐದು ಅಣು ನೀರು ಸೇರಿರುತ್ತದೆ, ಅದರ ಮೋಲಾರ್ ತೂಕ 248. ನೀರಿಲ್ಲದ ಪುಡಿಯದ್ದು 158. ಒಂದು ಲೀಟರ್ 0.1 ಮೋಲಾರ್ ದ್ರಾವಣಕ್ಕೆ ಹರಳಾದರೆ 24.8 ಗ್ರಾಂ ಬೇಕು, ಪುಡಿಯಾದರೆ 15.8 ಗ್ರಾಂ. ಬಾಟಲಿಯ ಲೇಬಲ್ ನೋಡದೆ ಹರಳನ್ನು 15.8 ಗ್ರಾಂ ತೂಗಿದರೆ ಸಿಗುವುದು 0.064 ಮೋಲಾರ್. 25 ಸೆಕೆಂಡು ಬರಬೇಕಾದದ್ದು 39 ಆಗುವುದು ಹೀಗೆ. ಶುರುವಿನಲ್ಲಿ ಹೇಳಿದ ಪಕ್ಕದ ಬೆಂಚಿನ ಕತೆ ಇದೇ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ ಉಂಟು. ಜೂನ್ ಬಂತೆಂದರೆ ಉಪ್ಪು ನೀರೊಡೆಯುತ್ತದೆ, ಬೆಲ್ಲ ಕರಗುತ್ತದೆ. ಮುಚ್ಚಳ ಸಡಿಲ ಇದ್ದರೆ ಹೈಪೋ ಹರಳೂ ತೇವ ಎಳೆದುಕೊಂಡು ಗಟ್ಟಿ ಹೆಂಟೆ ಆಗುತ್ತದೆ. ಅದನ್ನು ತೂಗಿದರೆ ಹೈಪೋ ಜತೆ ಮಳೆಗಾಲದ ನೀರನ್ನೂ ತೂಗಿದ ಹಾಗೆ. ಬಾಟಲಿಯೊಳಗೆ ಹೆಂಟೆ ಕಂಡರೆ ಅದನ್ನು ಲೆಕ್ಕದ ಕೆಲಸಕ್ಕೆ ಬಳಸಬೇಡಿ, ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ದ್ರಾವಣ ಮಾಡಿಟ್ಟ ಮೇಲೂ ಹೈಪೋ ಸುಮ್ಮನಿರುವುದಿಲ್ಲ. ನೀರಿನಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡ್ ಅದನ್ನು ಮೆಲ್ಲಗೆ ಒಡೆಯುತ್ತದೆ, ಕೆಲವು ಬ್ಯಾಕ್ಟೀರಿಯಾಗಳಿಗೆ ಅದು ಆಹಾರ. ಅದಕ್ಕೇ ಡಿಸ್ಟಿಲ್ಡ್ ನೀರನ್ನು ಕುದಿಸಿ ಆರಿಸಿ ದ್ರಾವಣ ಮಾಡುವುದು, ಒಂದು ಚಿಟಿಕೆ ಸೋಡಿಯಂ ಕಾರ್ಬೊನೇಟ್ ಹಾಕುವುದು, ಕಂದು ಬಾಟಲಿಯಲ್ಲಿ ಇಡುವುದು. ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂತಿದ್ದರೆ ಅದು ಗಂಧಕ, ಚೆಲ್ಲಿ ಹೊಸದು ಮಾಡಿ. ನಮ್ಮ ಕಡೆಯ ಮುರಕಲ್ಲಿನ ಬಾವಿಗಳ ನೀರು ಸ್ವಲ್ಪ ಆಮ್ಲೀಯ ಇರುವುದು ಸಾಮಾನ್ಯ. ಕುಡಿಯಲು ಎಷ್ಟೇ ರುಚಿಯಾದರೂ ಹೈಪೋ ಮಾಡಿಡಲು ಅದು ಬೇಡ.

ಇನ್ನು ಕಣ್ಣು. ಬಾಲ್ ಪೆನ್ನಿನ ಸಣ್ಣ ಗುರುತು ಬೇಗ ಮರೆಯಾಗುತ್ತದೆ, ಮಾರ್ಕರ್‌ನ ದಪ್ಪ ಗುರುತು ತಡವಾಗಿ. ಜುಲೈ ಮಧ್ಯಾಹ್ನ ಮೋಡ ಕವಿದು ಕರೆಂಟೂ ಹೋದಾಗ ಗುರುತು ಮೊದಲೇ ಮಸುಕಾಗಿ ಕಾಣುತ್ತದೆ, ಎಲ್ಲರ ಸಮಯವೂ ಕಡಿಮೆ ಬರುತ್ತದೆ. ನಡುವೆ ಕರೆಂಟ್ ಬಂದರೆ ಇನ್ನೂ ಕಷ್ಟ, ಮೊದಲ ಎರಡು ರೀಡಿಂಗ್ ಒಂದು ಬೆಳಕಿನಲ್ಲಿ, ಉಳಿದವು ಇನ್ನೊಂದರಲ್ಲಿ. ಅಂಥ ದಿನ ಪ್ರಯೋಗವನ್ನು ಮೊದಲಿಂದ ಮಾಡಿಸಿ. ಒಂದು ಗುಂಪಿನಲ್ಲಿ ಗುರುತು ನೋಡುವವರು ಒಬ್ಬರೇ ಇರಲಿ. ಎರಡು ಗುಂಪುಗಳ ಸೆಕೆಂಡುಗಳನ್ನು ಹೋಲಿಸಬೇಡಿ, ಅವರವರ ರೇಖೆ ನೇರ ಇದೆಯಾ ಎಂದಷ್ಟೇ ನೋಡಿ.

ಒಂದೇ ಒಂದು ಚುಕ್ಕೆ ದಾರಿ ತಪ್ಪಿದರೆ

ಆ ಫ್ಲಾಸ್ಕನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ. ಹಿಂದಿನ ಬ್ಯಾಚಿನ ಗಂಧಕ ತಳಕ್ಕೆ ತೆಳ್ಳಗೆ ಅಂಟಿಕೊಂಡಿದ್ದರೆ ಗಾಜು ಮೊದಲೇ ಮಸುಕು, ಗುರುತು ಬೇಗ ಮರೆಯಾಗುತ್ತದೆ. ಫ್ಲಾಸ್ಕಿನ ಗಾತ್ರವನ್ನೂ ನೋಡಿ. ನಾಲ್ಕು ಫ್ಲಾಸ್ಕ್ 250 ಎಂಎಲ್‌ನವು, ಒಂದು 100 ಎಂಎಲ್‌ನದ್ದು ಆದರೆ, ಆ ಸಣ್ಣದರಲ್ಲಿ 60 ಎಂಎಲ್ ದ್ರಾವಣ ಎತ್ತರಕ್ಕೆ ನಿಲ್ಲುತ್ತದೆ. ನೀವು ಹೆಚ್ಚು ಆಳದ ಮೂಲಕ ನೋಡುತ್ತೀರಿ, ಕಡಿಮೆ ಗಂಧಕ ಬಂದಾಗಲೇ ಗುರುತು ಮುಚ್ಚಿಹೋಗುತ್ತದೆ. ಕ್ರಿಯೆಯ ವೇಗ ಬದಲಾಗಿಲ್ಲ, ನೋಡುವ ಆಳ ಬದಲಾಗಿದೆ. ನೀರು ಹಾಕಲು ಮರೆತರೂ ಆಳ ಬದಲಾಗುತ್ತದೆ, ಜತೆಗೆ ಸಾರತೆಯೂ ನೀವು ಬರೆದುಕೊಂಡದ್ದಕ್ಕಿಂತ ಜಾಸ್ತಿ ಆಗಿರುತ್ತದೆ.

ಹೈಪೋ ಅಳೆದ ಸಿಲಿಂಡರಿನಲ್ಲೇ ಆಸಿಡ್ ಅಳೆದರೆ ಕ್ರಿಯೆ ಸಿಲಿಂಡರಿನಲ್ಲೇ ಶುರುವಾಗುತ್ತದೆ. ಎರಡಕ್ಕೂ ಬೇರೆ ಬೇರೆ ಸಿಲಿಂಡರ್ ಇಟ್ಟು, ಮೇಲೆ ಹೆಸರು ಬರೆದು ಅಂಟಿಸಿ.

ತಪ್ಪಿದ ಚುಕ್ಕೆ ಕೊನೆಯದ್ದಾಗಿದ್ದು, ಅದು ರೇಖೆಗಿಂತ ಕೆಳಗಿದ್ದರೆ ವಿಷಯ ಬೇರೆ. ಹೈಪೋ ತೀರಾ ಕಡಿಮೆ, ಉದಾಹರಣೆಗೆ 5 ಎಂಎಲ್ ಮಾತ್ರ ಇದ್ದರೆ, ಗುರುತು ಮುಚ್ಚುವಷ್ಟು ಗಂಧಕ ಬರುವ ಹೊತ್ತಿಗೆ ಇದ್ದ ಹೈಪೋದಲ್ಲೇ ದೊಡ್ಡ ಪಾಲು ಖರ್ಚಾಗಿರುತ್ತದೆ. ಶುರುವಿನ ವೇಗ ಅಳೆಯುತ್ತಿದ್ದೇವೆ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ಇದು ಕೈತಪ್ಪಲ್ಲ, ಈ ವಿಧಾನದ ಮಿತಿ.

ಮೇಲಿನ ತುದಿಯಲ್ಲಿ ಚುಕ್ಕೆಗಳು ಅಲುಗಾಡುತ್ತಿದ್ದರೆ ಕಾರಣ ಸ್ಟಾಪ್ ವಾಚ್ ಒತ್ತುವ ಬೆರಳು. 100 ಸೆಕೆಂಡಿನಲ್ಲಿ ಒಂದು ಸೆಕೆಂಡು ತಪ್ಪಿದರೆ ಶೇಕಡಾ 1, 10 ಸೆಕೆಂಡಿನಲ್ಲಿ ತಪ್ಪಿದರೆ ಶೇಕಡಾ 10. ಹೈಪೋ ತೆಳು ಮಾಡಿ ಎಲ್ಲ ಸಮಯವೂ 20 ಸೆಕೆಂಡಿನ ಮೇಲೆ ಬರುವ ಹಾಗೆ ನೋಡಿಕೊಳ್ಳಿ.

ಉಷ್ಣತೆಯ ಪ್ರಯೋಗದಲ್ಲಿ ಆಕ್ಟಿವೇಶನ್ ಎನರ್ಜಿ ಕಡಿಮೆ ಬಂದರೆ

ಇಲ್ಲಿ ಸಾರತೆ ಒಂದೇ ಇಟ್ಟು 30, 40, 50 ಡಿಗ್ರಿಯಲ್ಲಿ ಸಮಯ ನೋಡುತ್ತೇವೆ. ಸೆಲ್ಸಿಯಸ್‌ಗೆ 273 ಕೂಡಿಸಿ ಕೆಲ್ವಿನ್ ಮಾಡಲು ಮರೆತಿಲ್ಲ ತಾನೆ? ಅದನ್ನು ಮೊದಲು ನೋಡಿ, ಒಂದು ನಿಮಿಷದ ಕೆಲಸ.

ಅದು ಸರಿ ಇದ್ದರೆ, ಆಸಿಡ್ ಎಲ್ಲಿತ್ತು ಎಂದು ಕೇಳಿ. ಹೈಪೋ 50 ಎಂಎಲ್ ಅನ್ನು 50 ಡಿಗ್ರಿಗೆ ಕಾಯಿಸಿ, ಬೆಂಚಿನ ಮೇಲಿದ್ದ 28 ಡಿಗ್ರಿಯ ಆಸಿಡ್ 10 ಎಂಎಲ್ ಸುರಿದರೆ ಫ್ಲಾಸ್ಕ್ ಒಳಗೆ ಉಳಿಯುವುದು 46.3 ಡಿಗ್ರಿ. 30 ಡಿಗ್ರಿಯದ್ದು ಮಾತ್ರ 29.7 ಆಗುತ್ತದೆ, ಅಂದರೆ ಬದಲಾಗಿಯೇ ಇಲ್ಲ ಎನ್ನಬಹುದು. 20 ಡಿಗ್ರಿ ಅಂತರ ಎಂದು ನೀವು ಬರೆದದ್ದು ನಿಜವಾಗಿ 16.6 ಡಿಗ್ರಿ. ಲೆಕ್ಕದಲ್ಲಿ 50 ಕಿಲೋಜೂಲ್ ಬರಬೇಕಾದದ್ದು 42ರ ಹತ್ತಿರ ಬರುತ್ತದೆ. ಆಸಿಡ್ ಅನ್ನು ಟೆಸ್ಟ್ ಟ್ಯೂಬಿನಲ್ಲಿ ಹಾಕಿ ಅದೇ ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ನಿಲ್ಲಿಸಿ, ಆಮೇಲೆ ಬೆರೆಸಿ. ಬೆರೆಸಿದ ಕೂಡಲೇ ಒಂದು ಸಲ, ಗುರುತು ಮರೆಯಾದಾಗ ಇನ್ನೊಂದು ಸಲ ಉಷ್ಣತೆ ಬರೆದು ಸರಾಸರಿ ತೆಗೆಯಿರಿ.

50 ಡಿಗ್ರಿಗಿಂತ ಮೇಲೆ ಹೋಗುವುದು ಬೇಡ. ಈ ಕ್ರಿಯೆಯಲ್ಲಿ ಗಂಧಕದ ಜತೆ ಸಲ್ಫರ್ ಡೈ ಆಕ್ಸೈಡ್ ಅನಿಲವೂ ಬರುತ್ತದೆ. ಬಿಸಿ ಜಾಸ್ತಿ ಆದರೆ ಅದು ದ್ರಾವಣದಲ್ಲಿ ನಿಲ್ಲದೆ ನೇರ ಮೂಗಿಗೆ ಹೊಡೆಯುತ್ತದೆ. ಗುರುತು ನೋಡುವವರ ಮುಖ ಫ್ಲಾಸ್ಕ್ ಬಾಯಿಯ ಮೇಲೆಯೇ ಇರುವುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಮ್ಮು ಇರುವ ಮಕ್ಕಳಿಗೆ ಫ್ಲಾಸ್ಕ್ ನೋಡುವ ಕೆಲಸ ಕೊಡಬೇಡಿ, ದೂರದಿಂದ ಸಮಯ ಬರೆಯುವ ಕೆಲಸ ಕೊಡಿ. ಕಿಟಕಿಗಳೆಲ್ಲ ತೆರೆದಿರಲಿ, ಮಳೆ ಇರಚಲು ಬಂದರೂ ಸರಿ.

ಗುರುತು ಮರೆಯಾದ ತಕ್ಷಣ ಫ್ಲಾಸ್ಕನ್ನು ವಾಷಿಂಗ್ ಸೋಡಾ ಕರಗಿಸಿದ ಬಕೆಟ್ಟಿಗೆ ಸುರಿಯಿರಿ. ಆಸಿಡ್ ಸತ್ತು ಕ್ರಿಯೆ ನಿಲ್ಲುತ್ತದೆ, ಅನಿಲ ಬರುವುದೂ ನಿಲ್ಲುತ್ತದೆ. ಫ್ಲಾಸ್ಕನ್ನು ಆಗಲೇ ಬ್ರಷ್ ಹಾಕಿ ಉಜ್ಜಿ. ಒಣಗಿದ ಮೇಲೆ ಗಂಧಕ ಗಾಜನ್ನು ಬಿಡುವುದಿಲ್ಲ, ನಾಳಿನ ಬ್ಯಾಚಿನ ಒಂದು ಚುಕ್ಕೆ ಕೆಡುವುದು ಅಲ್ಲಿಂದಲೇ.

ನಮ್ಮ ಲ್ಯಾಬಿನಲ್ಲಿ ಈಗ ಪ್ರಯೋಗದ ಹಿಂದಿನ ಸಂಜೆಯೇ ಅಟೆಂಡರ್ ಎರಡು ಕ್ಯಾನ್ ಡಿಸ್ಟಿಲ್ಡ್ ವಾಟರ್ ತಂದು ಹೈಪೋ, ಆಸಿಡ್ ಬಾಟಲಿಗಳ ಪಕ್ಕದಲ್ಲೇ ನೆರಳಿನಲ್ಲಿ ಇಡುತ್ತಾರೆ. ಬೆಳಗ್ಗೆ ಮೂರರಲ್ಲೂ ಥರ್ಮಾಮೀಟರ್ ಅದ್ದಿ ನೋಡುತ್ತೇವೆ, ಮಧ್ಯಾಹ್ನ ಇನ್ನೊಮ್ಮೆ. ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಮಕ್ಕಳನ್ನು ಕಾಯಲು ಹೇಳಿ, ಅಷ್ಟರಲ್ಲಿ ಹಲಗೆಯ ಮೇಲೆ ಆರ್ಡರ್ ಲೆಕ್ಕ ಮಾಡಿಸುತ್ತೇನೆ.